ಚೆನ್ನಾಗಿದೀನಿ ಕಣಮ್ಮ

"ತಲೆ ನಿಲ್ತಾ ಇಲ್ಲ ಕಣೋ, ಇನ್ನೊಂದು ಸುತ್ತು ಬಿಗಿ," ಎಂದರು ರಾಜಶೇಖರಯ್ಯ.

ಸಿದ್ದು, ಸತ್ತ ಅಪ್ಪ ರುದ್ರಯ್ಯನ ಹಣೆಗೆ ಸುತ್ತಿದ್ದ ಬಿಳಿ ಬಟ್ಟೆಯನ್ನು ಎಳೆದು ಗೋಡೆಯ ಮೊಳೆಗೆ ಕಟ್ಟಿದ. ಸತ್ತವರನ್ನು ಕೂರಿಸಿ ಇಡುವುದು, ಕೂರಿಸಿಯೇ ಮಣ್ಣು ಮಾಡುವುದು ಅವರಲ್ಲಿ ತಲೆತಲಾಂತರದಿಂದ ಬಂದದ್ದು. ಹೊಂಗಡಹಳ್ಳದ ಸುತ್ತಿನ ಸಾವುಗಳಿಗೆಲ್ಲ ಕ್ರಿಯೆ ನಡೆಸುವ ರಾಜಶೇಖರಯ್ಯನವರನ್ನು ಆ ಬಗ್ಗೆ ಯಾರೂ ಪ್ರಶ್ನೆ ಕೇಳಿದ್ದಿಲ್ಲ.

ಈಗ ರುದ್ರಯ್ಯನ ಹೆಂಡತಿ ಜಗದಾಂಬ ಕೇಳಿದಳು.

"ಅಯ್ಯನೋರೇ, ಇವರನ್ನ ಮಲಗ್ಸಿ."

"ಏನಂದೆ?"

"ವರ್ಷಗಟ್ಲೆ ಕೂತೇ ಇದ್ರು. ಗುಣೀಲಾದ್ರೂ ಮಲಗ್ಲಿ."

"ಲಿಂಗ ಕಟ್ಟಿದೋರ್ನ ಮಲಗ್ಸಕ್ಕಾಯ್ತದಾ? ದುಃಖದಲ್ಲಿ ಏನೇನೋ ಮಾತಾಡ್ಬ್ಯಾಡ ತಾಯಿ."

ರುದ್ರಯ್ಯ ಕಾಫಿ ಮಿಲ್ಲಿನಲ್ಲಿ ದುಡಿದಷ್ಟು ಕಾಲವೂ ಸಿಪ್ಪೆಯ ಧೂಳು ಕುಡಿದಿದ್ದ. ಶ್ವಾಸಕೋಶ ಕೆಟ್ಟ ಮೇಲೆ ಅಡ್ಡವಾದರೆ ಸಾಕು, ಉಸಿರು ಕಟ್ಟುತ್ತಿತ್ತು. ಬೆನ್ನಿಗೆ ದಿಂಬು ಕೊಟ್ಟುಕೊಂಡು ಗೋಡೆಗೆ ಒರಗಿ, ಕೂತಲ್ಲೇ ತೂಕಡಿಸುತ್ತಿದ್ದ. ತಲೆ ಎದೆಯ ಮೇಲೆ ಬಿದ್ದಾಗಲೆಲ್ಲ ಜಗದಾಂಬ ಎದ್ದು ದಿಂಬು ಸರಿಮಾಡುತ್ತಿದ್ದಳು. ಆ ಗಂಡ ಹೆಂಡತಿ ನಿದ್ದೆ ಅಂತ ಕಂಡದ್ದು ಒಂದೇ ಒಂದು ಮಳೆಗಾಲ.

*

ಹಿಂದಿನ ವರ್ಷ ಒಂದು ಸಂಸ್ಥೆಯವರು ಮನೆಗೆ ಗಾಳಿ ಮಷೀನು ತಂದಿಟ್ಟರು. ಮೂಗಿಗೆ ನಳಿಗೆಯಲ್ಲಿ ಆಕ್ಸಿಜನ್ ಕೊಡುತ್ತಿತ್ತು, ಕರೆಂಟು ಹೋದರೂ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಅದರಿಂದ ನಿಜಕ್ಕೂ ಉಪಯೋಗವಿದೆಯೆಂದು ಕಂಡುಬಂದರೆ ಸರ್ಕಾರ ಇಂಥ ಮನೆಗಳಿಗೆಲ್ಲ ಕೊಡುತ್ತದೆ, ಇಲ್ಲದಿದ್ದರೆ ಇರುವ ಅಷ್ಟಿಷ್ಟು ಹಣವನ್ನು ಬೇರೆ ಕಡೆ ಹಾಕುತ್ತದೆ. ಅದನ್ನು ತಿಳಿಯಲೆಂದೇ ಈ ಪರೀಕ್ಷೆ.

ಮಷೀನು ಬಂದ ಮಾರನೆಯ ಬೆಳಗ್ಗೆ ರುದ್ರಯ್ಯ ಅಂಗಾತ ಮಲಗಿಕೊಂಡೇ ಹೆಂಡತಿಯನ್ನು ಕರೆದ. "ತೊಲೆ ಎಷ್ಟು ಮಸಿ ಹಿಡ್ದೈತೆ ನೋಡೇ!" ಜಗದಾಂಬ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಆಮೇಲೆ ವಿಚಾರಿಸುವುದಕ್ಕೆ ಹೇಮಶ್ರೀ ಎಂಬ ಹುಡುಗಿ ಬಂದಳು. ಬಂದವರ ಮುಂದೆ ಗೊರಗೊರ ಸದ್ದೇಕೆ ಎಂದು ಜಗದಾಂಬ ಮಷೀನು ಆರಿಸಿದಳು. ರುದ್ರಯ್ಯ ಒಗೆದ ಅಂಗಿ ಹಾಕಿಕೊಂಡು, ದಿಂಬಿಗೆ ಒರಗಿ ನೆಟ್ಟಗೆ ಕೂತ.

"ಮಷೀನು ಬರೋಕ್ಕೆ ಮುಂಚೆ ಹೇಗಿದ್ರಿ?"

"ಚೆನ್ನಾಗೇ ಇದ್ದೆ ಕಣಮ್ಮ."

"ಈಗ?"

"ಈಗ್ಲೂ ಚೆನ್ನಾಗಿದೀನಿ ಕಣಮ್ಮ."

"ನಿದ್ದೆಗೇನಾದ್ರೂ ತೊಂದರೆ?"

"ಎಂತದೂ ಇಲ್ಲ. ನೀನು ಕಾಫಿ ಕುಡಿ, ಆರೋಯ್ತದೆ."

ಮನೆಗೆ ಬಂದವರೆದುರು ನರಳಿದರೆ ಮರ್ಯಾದೆಯೇ? ಸುತ್ತಲಿನ ಊರುಗಳ ರೋಗಿಗಳೂ ಹಾಗೇ ಹೇಳಿದ್ದರು. ಉತ್ತರಗಳನ್ನು ಕೂಡಿಸಿ ನೋಡಿದ ಸಂಸ್ಥೆಯ ದೊಡ್ಡವರಿಗೆ ಮೊದಲಿಗೂ ಆಮೇಲಿಗೂ ವ್ಯತ್ಯಾಸವೇ ಕಾಣಲಿಲ್ಲ. ಆ ಬೆನ್ನ ಹಿಂದೆ ದಿಂಬು ಯಾಕಿದೆ ಎಂದು ಒಂದು ಮಾತು ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತೋ! ಮಳೆ ನಿಂತ ಮೇಲೆ ಜೀಪು ಬಂದು ಮಷೀನನ್ನು ಒಯ್ದಿತು. ಜಗದಾಂಬ ತಡೆಯಲಿಲ್ಲ. ಡ್ರೈವರಿಗೂ ಕಾಫಿ ಕೊಟ್ಟು ಕಳಿಸಿದಳು.

*

ಸಾವಿನ ಸುದ್ದಿ ತಿಳಿದು ಹೇಮಶ್ರೀ ಸಕಲೇಶಪುರದಿಂದ ಬಸ್ಸು ಹಿಡಿದು ಬಂದಳು. ಹಾರ ಹಾಕಿ, ಜಗದಾಂಬಳ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು.

"ಹೇಗಿದ್ದೀರಮ್ಮ?"

"ಚೆನ್ನಾ..." ಎಂದು ಜಗದಾಂಬ ನಿಲ್ಲಿಸಿದಳು. ಹಿಡಿದ ಕೈಯನ್ನು ಬಿಡಿಸಿಕೊಂಡಳು. "ಚೆನ್ನಾಗಿಲ್ಲ. ಅವತ್ತೂ ಚೆನ್ನಾಗಿರ್ಲಿಲ್ಲ. ಸುಳ್ಳು ಹೇಳ್ಬುಟ್ವು. ಮಷೀನಿದ್ದಾಗ ಇವರು ಮಲಗ್ತಿದ್ರು ಕಣಮ್ಮ, ಮಕ್ಳಂಗೆ ಮಲಗ್ತಿದ್ರು. ಬರ್ಕೊ."

ಹೇಮಶ್ರೀ ತಲೆ ತಗ್ಗಿಸಿದಳು. "ಅದೆಲ್ಲ ಮುಗಿದುಹೋಯ್ತಮ್ಮ. ವರದಿ ಕೊಟ್ಟಾಯ್ತು."

"ಹಂಗಾದ್ರೆ ಈಗ ಯಾಕೆ ಕೇಳ್ದೆ?"

ಹೊರಗೆ ಹೆಣ ಎತ್ತಲು ಕರೆದರು.

ಕಾಫಿ ತೋಟದ ಅಂಚಿನಲ್ಲಿ ಗುಣಿ ತೋಡಿದ್ದರು. ರುದ್ರಯ್ಯನನ್ನು ಇಳಿಸಿ, ಒಳಗೆ ಕೊರೆದಿದ್ದ ಗೂಡಿನಲ್ಲಿ ಕೂರಿಸಿದರು. ಹಣೆಯ ಬಟ್ಟೆ ಬಿಚ್ಚಿದ್ದೇ ತಲೆ ಎದೆಯ ಮೇಲೆ ಬಿತ್ತು. ಗುಣಿಯಲ್ಲಿದ್ದ ಸಿದ್ದು ಗದ್ದ ಎತ್ತಿ ಹಿಡಿದ. ಕೈಬಿಟ್ಟ ಕೂಡಲೇ ಮತ್ತೆ ಬಿತ್ತು.

ಜಗದಾಂಬ ಜನರನ್ನು ಸರಿಸಿಕೊಂಡು ಬಂದಳು. ಅವಳ ಕಂಕುಳಲ್ಲಿ ಎಣ್ಣೆಗಲೆಯ ಆ ದಿಂಬಿತ್ತು.

"ಅದೆಲ್ಲ ಹಾಕಂಗಿಲ್ಲ ತಾಯಿ," ಎಂದರು ರಾಜಶೇಖರಯ್ಯ.

ಅವಳು ಅವರತ್ತ ನೋಡಲೂ ಇಲ್ಲ. ಮಣ್ಣಿನ ಅಂಚಿನಲ್ಲಿ ಮಂಡಿಯೂರಿ, ಬಗ್ಗಿ ದಿಂಬನ್ನು ಮಗನಿಗೆ ಕೊಟ್ಟಳು.

"ಬೆನ್ನಿಗೆ ಕೊಡೋ. ಇನ್ನೆಷ್ಟು ಕಾಲ ಕೂತಿರ್ಬೇಕೋ ಏನೋ."

ರಾಜಶೇಖರಯ್ಯ ಮುಖ ತಿರುಗಿಸಿಕೊಂಡು ಬಿಲ್ವಪತ್ರೆಗೆ ಕೈಹಾಕಿದರು. ಸಿದ್ದು ದಿಂಬನ್ನು ಎಂದಿನ ಜಾಗಕ್ಕೆ ಸೇರಿಸಿ ತಟ್ಟಿದ. ರುದ್ರಯ್ಯನ ತಲೆ ನಿಂತಿತು. ಮನೆಗೆ ಯಾರೋ ಬಂದಾಗ ಕೂರುತ್ತಿದ್ದಂತೆಯೇ ನೆಟ್ಟಗೆ ಕೂತಿದ್ದ.