ಗೇರು ತಾನಾಗಿ ಬೀಳುವ ಮೋಟಾರು

ನಮ್ಮ ಯಜಮಾನರು ಸುಬ್ಬರಾಯಪ್ಪನವರಿಗೆ ಮಗ್ಗ ಎಂಬ ಮಾತೇ ಆಗದು. ಅರ್ಧ ಆಯುಸ್ಸು ಸೇಲಂನಲ್ಲಿ ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯ್ದವರು, ನೂಲಿನ ವ್ಯಾಪಾರ ಕೈಹಿಡಿದದ್ದೇ ತಡ, ಹುಟ್ಟುತ್ತಲೇ ಗಾದಿಯ ಮೇಲೆ ಕೂತವರಂತೆ ಆಡತೊಡಗಿದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮವರು ಮೋಟಾರು ಕೊಳ್ಳಲು ಹೊರಟರು.

ಅಂಗಡಿಯವನು ಮೂರು ಗಾಡಿ ತೋರಿಸಿದ. ಮೊದಲನೆಯದರಲ್ಲಿ ಗೇರು ಬದಲಿಸಲು ಕ್ಲಚ್ಚನ್ನು ಎರಡೆರಡು ಸಲ ತುಳಿಯಬೇಕು, ತಪ್ಪಿದರೆ ಪೆಟ್ಟಿಗೆಯೊಳಗೆ ಹಲ್ಲು ಕಡಿಯುವ ಸದ್ದು. ಎರಡನೆಯದಕ್ಕೆ ಒಂದು ಸಲ ತುಳಿದರೆ ಸಾಕು. ಮೂರನೆಯದು ದೊರೆಗಳ ಗಾಡಿ. ಸ್ಟೇರಿಂಗಿನ ಕೆಳಗಿರುವ ಪುಟ್ಟ ಕಡ್ಡಿಯನ್ನು ಬೇಕಾದ ಗೇರಿಗೆ ಮೊದಲೇ ತಿರುಗಿಸಿಟ್ಟು, ಎಡಗಾಲಿನ ಪೆಡಲನ್ನು ಒಮ್ಮೆ ಒತ್ತಿ ಬಿಟ್ಟರೆ ಗೇರು ತಾನಾಗಿ ಬೀಳುತ್ತದೆ.

"ಆ ಎರಡನೇದು ತಗೊಳ್ರಿ," ಎಂದೆ.

"ಕೈಕಾಲು ಬಡ್ಕೊಂಡು ಓಡ್ಸಾಕೆ ಅದೇನು ಮಗ್ಗವಾ? ನಿಂಗೇನು ಗೊತ್ತೈತೆ, ಸುಮ್ಕಿರು!"

ದೊರೆಗಳ ಗಾಡಿಯೇ ಮನೆಗೆ ಬಂತು.

ಆಗ ನಮ್ಮ ಮಗಳು ರಾಜಾತಿಗೆ ಧರ್ಮಪುರಿಯ ಜವಳಿ ಅಂಗಡಿ ನಾರಪ್ಪನವರ ಮಗನ ಸಂಬಂಧ ಕೂಡಿಬಂದಿತ್ತು. ಮಗ್ಗದ ಗುಂಡಿಗೆ ಕಾಲಿಟ್ಟವರ ಮನೆಯ ಹೆಣ್ಣು ಬೇಡ ಎಂಬುದು ನಾರಪ್ಪನವರ ಹಟ. ನೇಕಾರ ಕುಲದಲ್ಲೇ ಹುಟ್ಟಿ ಆಡುವ ಮಾತೇ ಇದು? ನಮ್ಮವರು ನಾಚದೆ "ಮೂರು ತಲೆಮಾರಿಂದ ನೂಲಿನ ವ್ಯಾಪಾರ" ಎಂದುಬಿಟ್ಟರು. ರಾಜಾತಿಗೆ ಆ ಹುಡುಗನ ಮೇಲೆ ಜೀವ. ಅದಕ್ಕೇ ನಾನೂ ಬಾಯಿ ಹೊಲಿದುಕೊಂಡೆ.

ಮಾತುಕತೆಗೆ ನಾರಪ್ಪನವರನ್ನು ಸೇಲಂಗೆ ಕರೆತರಲು ಮೋಟಾರಿನಲ್ಲೇ ಹೋದೆವು. ಹೋಗುವಾಗ ನಮ್ಮವರು ಚೆನ್ನಾಗಿಯೇ ಓಡಿಸಿದರು. ಮಗ್ಗದ ಹಲಗೆ ತುಳಿದು ಪಳಗಿದ ಕಾಲುಗಳು, ಒಂದು ಇಳಿದರೆ ಇನ್ನೊಂದು ಏಳಲೇಬೇಕು. ಗೇರು ಬದಲಿಸುವಾಗ ಎಡಗಾಲು ಒತ್ತಿ, ವೇಗ ಕೊಡುವ ಬಲಗಾಲನ್ನು ಎತ್ತುವುದೇ ಕ್ರಮವಾದ್ದರಿಂದ ಎಲ್ಲಾ ಸರಿಹೋಯಿತು. ಮೀಸೆ ತಿರುವಿದ್ದೇ ತಿರುವಿದ್ದು!

ಬರುವಾಗ ನಾರಪ್ಪನವರು ಮುಂದೆ ಕೂತರು, ನಾನು ಹಿಂದೆ. ತೊಪ್ಪೂರಿನ ಇಳಿಜಾರು ಬಂತು. ಈಗ ನಮ್ಮವರ ಬಲಗಾಲು ಬ್ರೇಕಿನ ಮೇಲಿತ್ತು. ಸಣ್ಣ ಗೇರಿಗೆಂದು ಎಡಗಾಲು ಒತ್ತಿದರು. ಬಲಗಾಲು ತಾನಾಗಿ ಎದ್ದಿತು. ಪೆಡಲು ಒತ್ತಿದ್ದರಿಂದ ಗೇರೂ ಇಲ್ಲ, ಕಾಲು ಎದ್ದಿದ್ದರಿಂದ ಬ್ರೇಕೂ ಇಲ್ಲ, ಗಾಡಿ ಸರ್ರನೆ ಜಾರಿತು. ಗಾಬರಿಯಿಂದ ಬ್ರೇಕು ತುಳಿದರೆ ಎಡಗಾಲು ಎದ್ದು ಗಾಡಿ ದಡಕ್ಕೆಂದಿತು. ಮತ್ತೆ ಎಡಗಾಲು, ಮತ್ತೆ ಬಲಗಾಲು. ಪುಣ್ಯಾತ್ಮ ಘಾಟಿಯಲ್ಲಿ ಸೀರೆ ನೇಯುತ್ತಿದ್ದರು! ನಾನು ಕುಲದೇವತೆಯನ್ನು ಕೂಗುತ್ತಿರುವಾಗಲೇ ಗಾಡಿ ಮಣ್ಣಿನ ದಿಬ್ಬಕ್ಕೆ ಮೂತಿ ಹೂತು ನಿಂತಿತು.

ಯಾರಿಗೂ ಗಾಯವಾಗಲಿಲ್ಲ. ಆದರೆ ನಾರಪ್ಪನವರು ಕೆಂಡವಾಗಿದ್ದರು.

"ಥೂ, ಸುಳ್ಳ! ಇದು ಮಗ್ಗದ ಕಾಲು ಕಣಯ್ಯಾ! ಎಡಗಾಲು ಇಳಿದ್ರೆ ಬಲಗಾಲು ಏಳ್ತೈತೆ. ಗುಂಡೀಲಿ ಕುಂತೋನಿಗೆ ಸಾಯೋಗಂಟ ಓಗಲ್ಲ ಈ ಚಾಳಿ! ಇಂಥೋರ ಮನೆ ಎಣ್ಣು ನಮಗೆ ಬ್ಯಾಡ!"

ನಮ್ಮವರು ತಲೆ ತಗ್ಗಿಸಿದರು. ಮನೆಯಲ್ಲಿ ಹೊಸ ಸೀರೆ ಉಟ್ಟು ಕಾಯುತ್ತಿರುವ ಮಗಳಿಗೆ ಏನೆಂದು ಹೇಳಲಿ? ಸಿಟ್ಟಿನಲ್ಲಿ ಕೆಳಗಿಳಿದು ಮುಂದಿನ ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟೆ.

ನಾರಪ್ಪನವರ ಬಲಗಾಲು ಬರಿಯ ನೆಲಹಲಗೆಯನ್ನು ಒತ್ತಿ ಹಿಡಿದಿತ್ತು. ಎಡಗಾಲು ಗಾಳಿಯಲ್ಲಿ ಎದ್ದು ನಿಂತಿತ್ತು.

"ಅಣ್ಣಾ," ಎಂದೆ, "ಜವಳಿ ಅಂಗಡಿಯೋರ್ಗೆ ಈ ಚಾಳಿ ಎಲ್ಲಿಂದ ಬಂತು?"

ಅವರು ಕಾಲು ನೋಡಿಕೊಂಡರು. ಎಡಗಾಲನ್ನು ಮೆಲ್ಲಗೆ ಕೆಳಗಿಟ್ಟರು. ಬಲಗಾಲು ಎದ್ದಿತು.

"ಶುಕ್ರವಾರ ಒಳ್ಳೇ ದಿನ ಐತಮ್ಮಾ," ಎಂದರು ನಾರಪ್ಪನವರು. "ತಾಂಬೂಲ ಮಾತಾಡಿಬಿಡಾನ."