ಆರೂ ಎದ್ದೇ ಇರ್ಲಿ

"ಸತ್ತೋರನ್ನ ಆಡಬಾರದು ಅಂತ ಸುಮ್ಮನಿರಂಗಿಲ್ಲ ನಾನು. ನನ್ನ ಲಾರಿ ಇಂಜಿನ್ ತಿಂದವ ಇದೇ ಚೌಡಣ್ಣ."

ಮೆಕ್ಕೆಜೋಳದ ವ್ಯಾಪಾರಿ ಗುರುಶಾಂತ ಕೈಯಲ್ಲಿದ್ದ ಹಾರವನ್ನು ಹೆಣಕ್ಕೆ ಹಾಕದೆ ಕುರ್ಚಿಯ ಮೇಲೆ ಒಗೆದ.

"ಮಣ್ಣಾದ ಮ್ಯಾಲೆ ಬೈಯ್ರಿ ಸಾವ್ಕಾರ್ರ, ಯಾರು ಬ್ಯಾಡಂತಾರ?" ಎಂದ ಚೌಡಣ್ಣನ ತಮ್ಮ ಗಾಳೆಪ್ಪ.

"ಆಮ್ಯಾಲೆ ಯಾರನ್ನ ಬೈಯ್ಲಿ, ನಿನ್ನನ್ನ? ಗಾಡಿ ಖಾಲಿ ಓಡುವಾಗ ಆರರಾಗ ಮೂರು ಸಿಲಿಂಡರ್ ತಾವ ಮಲಗತಾವ, ಡೀಸೆಲ್ ಉಳೀತೈತಿ. ಕಂಪನಿಯೋರೇನು ದಡ್ಡರಾ? ಈ ಮೇಸ್ತ್ರಿ ಆ ಮಲಗೋದನ್ನ ಬಂದ್ ಮಾಡಿದ. ಆರೂ ದುಡಿದು ದುಡಿದು ಸವೆದು, ಹೋದ ವಾರ ಇಂಜಿನ್ ಹಿಡಕಂತು."

ಹೆಣದ ತಲೆಯ ಬಳಿ ಕೂತಿದ್ದ ಹೆಂಡತಿ ಜಂಬಕ್ಕ ಅತ್ತು ದಣಿದಿದ್ದಳು.

"ಎಂಟು ದಿನ ಅದನ್ನ ಕೇಳ್ಕೋತ ಸತ್ತಾನ್ರಿ. 'ತಪ್ಪು ಮಾಡಿದೆನೇನ ಜಂಬಿ' ಅಂತ. ರೊಟ್ಟಿ ಮುರದು ಹಂಗ ಇಡತಿದ್ದ. ತಪ್ಪೋ ಅಲ್ಲೋ, ಯಾರಾದ್ರೂ ಒಬ್ರು ಹೇಳ್ರಿ. ಹೇಳೋತನಕ ಎತ್ತಾಕ ಬಿಡಂಗಿಲ್ಲ."

* * *

ಹತ್ತು ತಿಂಗಳ ಹಿಂದೆ ಆ ಲಾರಿಯನ್ನು ಹಗರಿಬೊಮ್ಮನಹಳ್ಳಿಯ ಚೌಡಣ್ಣನ ಗ್ಯಾರೇಜಿಗೆ ತಂದವನು ಗುರುಶಾಂತನ ಡ್ರೈವರ್ ಮೈಲಾರೇಶ್. ಹಡಗಲಿಯಿಂದ ಖಾಲಿ ಬರುವಾಗ ಗಾಡಿ ಜಗ್ಗುತ್ತಿತ್ತು. ಚೌಡಣ್ಣ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ನಿಂತ. ಕಿವಿ ಮಂದವಾದ ಮೇಲೆ ಅವನು ಇಂಜಿನ್ ಸದ್ದನ್ನು ಹಲ್ಲಿನಿಂದಲೇ ಕೇಳುತ್ತಿದ್ದ. ಆಮೇಲೆ ಸಿಲಿಂಡರ್ ಮಲಗಿಸುವ ವೈರನ್ನು ಕಿತ್ತು ಟೇಪು ಸುತ್ತಿದ.

"ಮಲಗಿದ್ದು ಏಳುವಾಗ ಮುಗ್ಗರಸ್ತಾವಲೇ. ಆರೂ ಎದ್ದೇ ಇರ್ಲಿ. ಡೀಸೆಲ್ ಚೂರು ಜಾಸ್ತಿ ಕುಡೀತೈತಿ, ಇಂಜಿನ್ನಿಗೆ ಏನಾಗಂಗಿಲ್ಲ. ಆಯಿಲ್ ಮಾತ್ರ ಹೊತ್ತಿಗೆ ಬದಲಿಸು. ಅದು ತಪ್ಪಿದ್ರ ಆರೂ ಅಷ್ಟ, ಮೂರೂ ಅಷ್ಟ."

* * *

ಮೈಲಾರೇಶ್ ಚಟ್ಟದ ಮುಂದಿನ ಎಡಮೂಲೆಯಲ್ಲಿ ಕೂತು ಹಗ್ಗ ಬಿಗಿಯುತ್ತಿದ್ದ.

"ಆಯಿಲ್ ಬದಲಿಸಿದ್ದಿಲ್ಲಕ್ಕ," ಎಂದ, ತಲೆ ಎತ್ತದೆ. "ಸೀಜನ್ ಮುಗೀಲಿ, ಇನ್ನೊಂದು ಟ್ರಿಪ್ ಆಗ್ಲಿ ಅಂದ್ರು ಸಾವ್ಕಾರ್ರು. ನಾನೂ ಹೂಂ ಅಂದೆ. ಬ್ಯಾರೆ ಗಾಡಿಯಿಂದ ಇಳಿಸಿದ ಹಳೇ ಆಯಿಲನ್ನ ಸುರ್ಕೋತ ಹೋದೆ. ಇಂಜಿನ್ ಬಿಚ್ಚಿದಾಗ ತಳದಾಗ ಕರೇ ರಾಡಿ ಇತ್ತು. ವೈರಿಂದಲ್ಲ ಅದು."

ಗುರುಶಾಂತ ಕುರ್ಚಿಯ ಮೇಲಿನ ಹಾರವನ್ನು ಕೈಗೆತ್ತಿಕೊಂಡ.

"ಎಂಟು ದಿನ ಎಲ್ಲಿದ್ದೆಪ?" ಎಂದಳು ಜಂಬಕ್ಕ. ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ.

"ದಿನಾ ಗ್ಯಾರೇಜ್ ಮುಂದ ಹಾದು ಹೋಗತಿದ್ದೆ. ಅವ ಒಂದು ಸಲ ಕೈ ಮಾಡಿದ. ನಾನು ನಿಲ್ಲಲಿಲ್ಲ."

ಮೈಲಾರೇಶ್ ಗಂಟು ಬಿಗಿದು ಮುಗಿಸಿ ಎದ್ದ. ಕೂತವರ ನಡುವೆ ದಾರಿ ಮಾಡಿಕೊಂಡು ಹೊರಗೆ ನಡೆದ.

ಹಲಗೆ ಬಡಿಯುವವರು ಶುರು ಮಾಡಿ, ನಿಲ್ಲಿಸಿದರು. ಗಾಳೆಪ್ಪ ರಸ್ತೆಗೆ ಹೋಗಿ ಎರಡು ಸಲ ಕೂಗಿದ. ಮೈಲಾರೇಶ್ ತಿರುಗಿ ಬರಲಿಲ್ಲ. ಕೊನೆಗೆ ಚಟ್ಟವನ್ನು ಮೂವರೇ ಎತ್ತಿದರು. ಅವನು ಹೆಗಲು ಕೊಡಬೇಕಿದ್ದ ಮುಂದಿನ ಎಡಮೂಲೆ ವಾಲಿತು. ಜನ ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಜಂಬಕ್ಕ ಬಂದು, ಇನ್ನೇನು ಒಡೆಯಬೇಕಿದ್ದ ಹಸಿರು ಬಳೆಗಳ ಕೈಯನ್ನು ಆ ಬಿದಿರಿನ ಕೆಳಗೆ ಕೊಟ್ಟು ನಿಂತಳು.