ಒಂದೇ ಬೊಂಬಿನ ಎರಡು ತೊಟ್ಟಿಲು

ನಮ್ಮ ಯಜಮಾನರು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಹಾಲು ಉಕ್ಕಿದರೆ ಯಾಕೆ ಉಕ್ಕಿತೆಂದು ಹೇಳುತ್ತಾರೆಯೇ ಹೊರತು ಒಲೆಯಿಂದ ಇಳಿಸುವುದಿಲ್ಲ.

ಅವಳಿ ಹೆಣ್ಣುಮಕ್ಕಳು ಹುಟ್ಟಿದಾಗ ಜಯನಗರದ ಈ ಹೊಸ ಮನೆಯ ಸೀಲಿಂಗಿನ ಕೊಂಡಿಗಳಿಗೆ ಹಗ್ಗ ಹಾಕಿ, ಅಡ್ಡಲಾಗಿ ಒಂದು ಬೊಂಬು ತೂಗುಬಿಟ್ಟು, ಅದಕ್ಕೆ ಎರಡು ತೊಟ್ಟಿಲು ಕಟ್ಟಿದವರು ಅವರೇ. ಒಂದರಲ್ಲಿ ಗೌರಿ, ಇನ್ನೊಂದರಲ್ಲಿ ಗಂಗೆ. ಐವತ್ತೆಂಟರ ಶ್ರಾವಣದಲ್ಲಿ ಜ್ವರ ಬಂದು ಗಂಗೆ ಹೋಗಿಬಿಟ್ಟಳು. ಇನ್ನೂ ಕೂರಲು ಕಲಿತಿರಲಿಲ್ಲ.

ಅತ್ತೆ ಶಿವಬಸಮ್ಮನವರಿಗೆ ಉಳಿದವಳ ಚಿಂತೆ. ಖಾಲಿ ತೊಟ್ಟಿಲು ತೂಗಬಾರದು, ಬಿಚ್ಚಿ ಅಟ್ಟಕ್ಕೆ ಹಾಕು ಎಂದರು. ನಾನೆಲ್ಲಿ ತೂಗಿದೆ? ಗೌರಿಯನ್ನು ತೂಗಿದರೆ ಗಂಗೆಯ ತೊಟ್ಟಿಲು ತಾನೇ ಆಡುತ್ತಿತ್ತು. ಅವಳು ಎದ್ದಿದ್ದಾಳೆ ಅನಿಸುತ್ತಿತ್ತು ನನಗೆ. ಬಿಚ್ಚಲು ಬಿಡಲಿಲ್ಲ.

ನನಗೆಲ್ಲಿ ಹುಚ್ಚು ಹಿಡಿಯುತ್ತದೋ ಎಂದು ಹೆದರಿ ಯಜಮಾನರು ಪಾಠ ಶುರು ಮಾಡಿದರು. ಸ್ಟೂಲು ಹತ್ತಿಸಿ ಬೊಂಬು ಮುಟ್ಟಿಸಿದರು. ಅದು ಸಣ್ಣಗೆ ಓಲಾಡುತ್ತಿತ್ತು. ಒಂದು ತೊಟ್ಟಿಲಿನ ಓಲಾಟ ಬೊಂಬಿನ ಮೂಲಕ ಇನ್ನೊಂದಕ್ಕೆ ಸೇರುತ್ತದಂತೆ. ಎರಡನೆಯದು ಪೂರ್ತಿ ಪಡೆದಾಗ ಮೊದಲನೆಯದು ನಿಲ್ಲುತ್ತದೆ, ಆಮೇಲೆ ಪಡೆದದ್ದೆಲ್ಲ ವಾಪಸ್ಸು ಹೋಗುತ್ತದಂತೆ.

"ಒಳಗೆ ಮಗು ಇಲ್ದಿದ್ರೂನಾ?" ಎಂದೆ.

"ಭಾರ ಲೆಕ್ಕಕ್ಕಿಲ್ಲ ಮೀನಾ. ಹಗ್ಗದ ಉದ್ದ ಒಂದೇ ಇದ್ರೆ ಸಾಕು."

ತೋರಿಸಲೆಂದು ಗಂಗೆಯ ತೊಟ್ಟಿಲಿನ ಹಗ್ಗವನ್ನು ಎರಡು ಗೇಣು ಗಿಡ್ಡ ಮಾಡಿದರು. ಗೌರಿಯನ್ನು ತೂಗಿದೆ. ಗಂಗೆಯದು ಒಂಚೂರು ಮಿಸುಕಿ ಸುಮ್ಮನಾಯಿತು. ಇವರ ಪಾಠಕ್ಕಷ್ಟು ಬೆಂಕಿ ಹಾಕ ಎಂದುಕೊಂಡು, ಆ ತೊಟ್ಟಿಲನ್ನೇ ಬಿಚ್ಚಿಬಿಡಿ ಎಂದೆ. ಬೆಳಿಗ್ಗೆ ಬಿಚ್ಚುತ್ತೇನೆ ಎಂದರು.

ಬೆಳಿಗ್ಗೆ ಹಾಲು ಹಾಕಿಸಿಕೊಂಡು ಒಳಗೆ ಬಂದಾಗ ಅವರು ಸ್ಟೂಲಿನ ಮೇಲಿದ್ದರು. ತೊಟ್ಟಿಲು ಬಿಚ್ಚುತ್ತಿರಲಿಲ್ಲ, ಹಗ್ಗವನ್ನು ಇಳಿಬಿಡುತ್ತಿದ್ದರು. ಗೌರಿಯ ಹಗ್ಗದ ಪಕ್ಕಕ್ಕೆ ಹಿಡಿದು, ಗೇಣು ಹಾಕಿ ನೋಡಿ, ಉದ್ದ ಸಮ ಮಾಡಿ ಗಂಟು ಬಿಗಿದರು. ನಾನು ಬಾಗಿಲಲ್ಲೇ ನಿಂತೆ.

ಕೆಳಗಿಳಿದು, ನಿದ್ದೆಯಲ್ಲಿದ್ದ ಗೌರಿಯನ್ನು ತೂಗಿದರು. ಬರಬರುತ್ತ ಅವಳ ತೊಟ್ಟಿಲು ನಿಧಾನವಾಗಿ, ಗಂಗೆಯದು ಆಡತೊಡಗಿತು. ಚೆನ್ನಾಗಿಯೇ ಆಡಿತು. ಇನ್ನು ಅದೆಲ್ಲ ವಾಪಸ್ಸು ಗೌರಿಗೆ ಸೇರಬೇಕು, ಅವರೇ ಹೇಳಿದ್ದರಲ್ಲ. ಅಷ್ಟರಲ್ಲಿ ಅವರು ಖಾಲಿ ತೊಟ್ಟಿಲನ್ನು ಎದೆಗೆ ಅವುಚಿಕೊಂಡುಬಿಟ್ಟರು.

"ಇವಳು ಇಲ್ಲೇ ಇರ್ಲಿ," ಎಂದರು.

ಓಲಾಟ ನಿಂತುಹೋಯಿತು. ಗೌರಿ ಎಚ್ಚೆತ್ತು ಅಳತೊಡಗಿದಳು. ಅವಳನ್ನು ಎತ್ತಿ ಅವರ ಮುಂದೆ ಹಿಡಿದೆ, ತಗೊಳ್ಳಿ ಎಂದೆ. ಅವರು ತೊಟ್ಟಿಲು ಬಿಡಲಿಲ್ಲ.